ಮುದ್ರೆಯಿಂದ ಪರವಾನಗಿಯವರೆಗೆ: ಕನ್ನಡನಾಡಿನಲ್ಲಿ ಆಯುಧಾನುಜ್ಞೆಯ ಚರಿತ್ರೆ

ಬಂದೂಕವನ್ನಿಟ್ಟುಕೊಳ್ಳುವವನು ಸರ್ಕಾರದಿಂದ ಅಪ್ಪಣೆಯ ಕಾಗದವನ್ನು ಪಡೆದಿರತಕ್ಕದ್ದೆಂಬ ಕಟ್ಟಳೆಯು ಇಂಗ್ಲಿಷರು ತಂದಿಟ್ಟ ನೂತನ ಪದ್ಧತಿಯೆಂದೂ, ಅದಕ್ಕೆ ಪೂರ್ವದಲ್ಲಿ ನಮ್ಮ ದೇಶದ ಪ್ರಜೆಗಳೆಲ್ಲರೂ ಸ್ವೇಚ್ಛೆಯಾಗಿ ಶಸ್ತ್ರವನ್ನು ಧರಿಸುತ್ತಿದ್ದರೆಂದೂ ಸಾಮಾನ್ಯವಾಗಿ ಹೇಳುವುದುಂಟು. ಈ ಮಾತಿನಲ್ಲಿ ಅರ್ಧಾಂಶ ಮಾತ್ರ ಸತ್ಯವಿದೆ. ಅನುಜ್ಞೆಯೆಂಬುದು ಹಳೆಯದು, ಆ ಅನುಜ್ಞೆಯನ್ನು ಕೊಡುವಾಗ ರಾಜ್ಯವು ಪ್ರಜೆಯನ್ನು ಕುರಿತು ಕೇಳುತ್ತಿದ್ದ ಪ್ರಶ್ನೆಯು ಮಾತ್ರ ಕಾಲಕಾಲಕ್ಕೆ ಬೇರೆಯಾಗುತ್ತ ಬಂದಿದೆ. ಆ ಪ್ರಶ್ನೆಯ ಪರಿಣಾಮವನ್ನು ಕನ್ನಡನಾಡಿನ ನಿದರ್ಶನಗಳಿಂದ ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ರು. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಕೌಟಲೀಯ ಅರ್ಥಶಾಸ್ತ್ರವನ್ನು ಪ್ರಕಟಿಸಿದುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಅದರ ಐದನೆಯ ಅಧಿಕರಣದಲ್ಲಿ ಭೃತ್ಯರ ಭರಣವನ್ನು ಹೇಳುವ ಪ್ರಕರಣದ ಕೊನೆಗೆ, ಆಯುಧಗಳ ವಿಷಯವಾಗಿ ಕೆಲವು ಚಿಕ್ಕ ಸೂತ್ರಗಳು ಬರುತ್ತವೆ. ವೇತನದ ಲೆಕ್ಕದ ನಡುವೆ ಅಡಗಿರುವುದರಿಂದಲೋ ಏನೋ, ಅವುಗಳ ಕಡೆಗೆ ಓದುಗರ ಲಕ್ಷ್ಯ ಸಾಕಷ್ಟು ಹೋದಂತೆ ತೋರುವುದಿಲ್ಲ. ಅಲ್ಲಿ ಹೇಳಿರುವುದಿಷ್ಟು: ಶಸ್ತ್ರಗಳಿಗೂ ಕವಚಗಳಿಗೂ ರಾಜನ ಅಂಕವನ್ನೊತ್ತಿ ಆಯುಧಾಗಾರದಲ್ಲಿ ಸೇರಿಸಬೇಕು, ಮುದ್ರೆಯಿಂದ ಅನುಜ್ಞೆ ಪಡೆದವರ ಹೊರತು ಇತರರು ಶಸ್ತ್ರರಹಿತರಾಗಿ ಸಂಚರಿಸಬೇಕು, ಕಳೆದುಹೋದುದಕ್ಕೂ ಕೆಟ್ಟುಹೋದುದಕ್ಕೂ ಇಮ್ಮಡಿ ಬೆಲೆಯನ್ನು ತೆರಬೇಕು, ನಾಶವಾದವುಗಳ ಎಣಿಕೆಯನ್ನಿಡಬೇಕು, ಗಡಿಯನ್ನು ಕಾಯುವ ಅಂತಪಾಲರು ವರ್ತಕರ ಸಾರ್ಥದಲ್ಲಿ ಬರುವ ಆಯುಧಗಳನ್ನು ತೆಗೆದಿಟ್ಟುಕೊಳ್ಳಬೇಕು, ಇಲ್ಲವೆ ಮುದ್ರೆಯೊಡನೆ ಮುಂದಕ್ಕೆ ಬಿಡಬೇಕು.

ಇಂದಿನ ಪರವಾನಗಿಯ ಅಂಗಗಳೆಲ್ಲವೂ ಇಲ್ಲಿ ಬೀಜರೂಪದಲ್ಲಿವೆ. ರಾಜಾಂಕವೇ ಈಗಿನ ಬಂದೂಕದ ಮೇಲೆ ಕೊರೆದಿರುವ ಸಂಖ್ಯೆ, ಮುದ್ರೆಯೇ ಅನುಜ್ಞಾಪತ್ರ, ಸಾರ್ಥಕ್ಕೆ ಹಾಕುವ ಮುದ್ರೆಯೇ ಸಾಗಣೆಯ ರಹದಾರಿ. ಎರಡನೆಯ ಅಧಿಕರಣದಲ್ಲಿ ಬರುವ ಮುದ್ರಾಧ್ಯಕ್ಷನೆಂಬ ಅಧಿಕಾರಿಯು ಒಂದು ಮಾಷಕವನ್ನು ಪಡೆದು ಮುದ್ರೆಯನ್ನು ಕೊಡುತ್ತಿದ್ದನೆಂಬುದನ್ನು ಇದರೊಡನೆ ಸೇರಿಸಿಕೊಂಡರೆ, ಶುಲ್ಕ ಕಟ್ಟಿ ಕಚೇರಿಯ ಬಾಗಿಲಲ್ಲಿ ಕಾಯುವ ಕ್ರಮವೂ ಪ್ರಾಚೀನವೇ ಎನ್ನಬೇಕಾಗುತ್ತದೆ. ಆದರೆ ಈ ಸಾದೃಶ್ಯವನ್ನು ಎಳೆದಾಡಬಾರದು. ಮೇಲಣ ಸೂತ್ರಗಳ ಸಂದರ್ಭವು ಸೈನ್ಯದ್ದು. ಅದನ್ನು ಹಳ್ಳಿಯ ಒಕ್ಕಲಿಗನವರೆಗೆ ಹಿಗ್ಗಿಸುವುದು ಅತಿವ್ಯಾಪ್ತಿಯಾದೀತು. ಸಾರ್ಥವಾಹನಾದರೋ ರಾಜಭೃತ್ಯನಲ್ಲ, ಆದರೂ ಅವನ ಮೇಲಣ ನಿರ್ಬಂಧವು ಗಡಿಯಲ್ಲಿ ಮಾತ್ರ. ಒಟ್ಟಿನಲ್ಲಿ ಕೌಟಲ್ಯನ ಮುದ್ರೆಯು ಕೇಳುತ್ತಿದ್ದ ಪ್ರಶ್ನೆ "ನೀನು ಯಾರ ಆಳು?" ಎಂಬುದು. ಧರ್ಮಶಾಸ್ತ್ರಕಾರರ ಪ್ರಶ್ನೆಯು ಇದಕ್ಕಿಂತ ಬೇರೆ. ಬ್ರಾಹ್ಮಣನು ಪರೀಕ್ಷಿಸಿ ನೋಡುವುದಕ್ಕಾಗಿ ಕೂಡ ಆಯುಧವನ್ನು ಮುಟ್ಟಬಾರದೆಂದು ಆಪಸ್ತಂಬನು ವಿಧಿಸಿದರೆ, ಧರ್ಮಕ್ಕೆ ತಡೆಯುಂಟಾದಾಗ ದ್ವಿಜರೆಲ್ಲರೂ ಶಸ್ತ್ರವನ್ನೆತ್ತಬಹುದೆಂದು ಮನುವು ಅನುಮತಿಸುತ್ತಾನೆ. ಅಲ್ಲಿ ವಿಚಾರಣೆಯು ಜನ್ಮವನ್ನೂ ಆಪತ್ತನ್ನೂ ಕುರಿತದ್ದು. ಅಧಿಕಾರಿಯ ಕಾಗದಕ್ಕೆ ಅಲ್ಲಿ ಎಡೆಯಿಲ್ಲ.

ಶುಕ್ರನೀತಿಯಲ್ಲಿ ನಾಲಿಕಾಯಂತ್ರದ ವರ್ಣನೆಯಿರುವುದನ್ನು ಕಂಡು, ಪ್ರಾಚೀನ ಹಿಂದೂಗಳಲ್ಲಿ ಬಂದೂಕವಿತ್ತೆಂದು ಮದರಾಸಿನ ಸಂಸ್ಕೃತ ಪ್ರಾಧ್ಯಾಪಕನಾಗಿದ್ದ ಗುಸ್ತಾವ್ ಒಪ್ಪರ್ಟ್ ೧೮೮೦ರಲ್ಲಿ ವಾದಿಸಿದನು. ಆ ಭಾಗವು ಬಹು ಈಚಿನದೆಂದು ವಿದ್ವಾಂಸರು ಅನಂತರ ತೋರಿಸಿಕೊಟ್ಟಿದ್ದಾರೆ. ಇಂಥ ಅಭಿಮಾನವು ಚರಿತ್ರೆಗೆ ಉಪಕಾರಕವಲ್ಲ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ತುಪಾಕಿಯು ತುರುಕ ಭಾಷೆಯಿಂದಲೂ, ಬಂದೂಕವು ಅರಬ್ಬಿಯಿಂದಲೂ ಬಂದುವು. ಕೋವಿಯೆಂಬ ದೇಶ್ಯಶಬ್ದಕ್ಕೆ ಕೊಳವೆಯೆಂಬುದೇ ಮೂಲಾರ್ಥ. ಔಷಧವೆಂಬರ್ಥದ ಮದ್ದು ಸಿಡಿಮದ್ದಾಯಿತು. ಪರವಾನಗಿ, ರಹದಾರಿ, ಸನ್ನದು ಇವು ದಫ್ತರದ ಪಾರಸೀಕ ಮಾತುಗಳು. ವಸ್ತುವೂ ಅದರ ಕಾಗದವೂ ನಮ್ಮಲ್ಲಿಗೆ ಹೊರಗಿನ ಹೆಸರುಗಳನ್ನು ಹೊತ್ತೇ ಬಂದಿವೆ.

ಇನ್ನು ಬೆಂಗಳೂರಿನ ಸುತ್ತಣ ಸೀಮೆಯನ್ನು ನೋಡೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಹೊರಬಂದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಸಂಗ್ರಹಿಸಿಕೊಟ್ಟಿದ್ದಾರೆ. ಕನ್ನಡನಾಡಿನ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳಲ್ಲಿ, ತುರುಗಳನ್ನು ಮರಳಿಸಲು ಹೋರಾಡಿ ಮಡಿದವರು ಬಹುಮಟ್ಟಿಗೆ ಊರವರೇ. ಬೇಗೂರಿನಲ್ಲಿ ದೊರೆತ ಗಂಗರ ಕಾಲದ ಪ್ರಸಿದ್ಧ ವೀರಗಲ್ಲಿನಲ್ಲಿ, ಯುದ್ಧದಲ್ಲಿ ಮಡಿದ ನಾಗತ್ತರನ ಪಟ್ಟವನ್ನು ಅರಸನು ಇರುಗನಿಗೆ ಕಟ್ಟಿ, ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟನೆಂದಿದೆ. ಬಾಳನ್ನು ತೊಳೆದು ಕೊಡುವ ದಾನವೇ ಬಾಳ್ಗಳ್ಚು. ಇಲ್ಲಿ ರಾಜ್ಯದ ಬರಹವು ಆಯುಧವನ್ನು ಎತ್ತುವುದಕ್ಕೆ ಮೊದಲು ಬರಲಿಲ್ಲ, ಎತ್ತಿದವನು ಬಿದ್ದ ಮೇಲೆ ಕಲ್ಲಿನಲ್ಲಿ ಬಂದಿತು.

ಪಾಳೆಯಗಾರರ ಕಾಲದಲ್ಲಿಯೂ ಸ್ಥಿತಿಯು ಹೆಚ್ಚು ಬೇರೆಯಾಗಿರಲಿಲ್ಲ. ಆವತಿಯ ಗೌಡರ ವಂಶದವರು ದೇವನಹಳ್ಳಿಯಲ್ಲಿಯೂ ಸುತ್ತಣ ಊರುಗಳಲ್ಲಿಯೂ ಕೋಟೆಗಳನ್ನು ಕಟ್ಟಿ ಆಳುತ್ತಿದ್ದಾಗ, ಉಂಬಳಿಯ ಹೊಲವನ್ನುಂಡು ಕರೆದಾಗ ಆಯುಧದೊಡನೆ ಬರುವ ಆಳೇ ಅವರ ಬಲ. ೧೭೪೯ರಲ್ಲಿ ಮೈಸೂರಿನ ಸೇನೆಯು ದೇವನಹಳ್ಳಿಯನ್ನು ಮುತ್ತಿದಾಗ ಹೈದರನು ಮೊದಲು ಹೆಸರಾದನು. ಅವನ ಮಗ ಟಿಪ್ಪುವು ಹುಟ್ಟಿದುದೂ ಅದೇ ಊರಿನಲ್ಲಿ. ೧೭೯೧ರಲ್ಲಿ ಬೆಂಗಳೂರು ಕೋಟೆಯು ಬಿದ್ದ ಬಳಿಕ ದೇವನಹಳ್ಳಿಯೂ ಕಾರ್ನ್‌ವಾಲಿಸನ ವಶವಾಯಿತು. ಟಿಪ್ಪುವಿನ ಪತನಾನಂತರ ದಿವಾನ್ ಪೂರ್ಣಯ್ಯನು ಕಂದಾಚಾರದ ಆಳುಗಳನ್ನು ಉಳಿಸಿಕೊಂಡು, ಅವರಿಂದ ಕಾವಲಿನ ಕೆಲಸವನ್ನೂ ಕಂದಾಯದ ಕೆಲಸವನ್ನೂ ಮಾಡಿಸಿದನು. ಆಯುಧ ಹಿಡಿದು ಬೆಳೆದವನಿಗೆ ಸಂಬಳವನ್ನು ಕೊಟ್ಟು ಊರಿನಲ್ಲಿಯೇ ನಿಲ್ಲಿಸುವುದು, ಆಯುಧವನ್ನು ಕಸಿದುಕೊಳ್ಳುವುದಕ್ಕಿಂತ ಜಾಣತನದ ಮಾರ್ಗವೆಂಬುದನ್ನು ಆತನು ಅರಿತಿದ್ದನೆಂದು ತೋರುತ್ತದೆ.

ಈ ಜಾಣತನವು ೧೮೫೭ರಲ್ಲಿ ಇಂಗ್ಲಿಷರಿಗೆ ಇರಲಿಲ್ಲ. ಉತ್ತರದ ದಂಗೆಯಿಂದ ಬೆದರಿದ ಕಂಪನಿಯ ಸರ್ಕಾರವು ಆ ವರ್ಷದ ೨೮ನೆಯ ಆಕ್ಟನ್ನು ಮಾಡಿ, ಆಯುಧಗಳ ತಯಾರಿಕೆ, ಮಾರಾಟ, ಸಂಗ್ರಹ ಇವೆಲ್ಲಕ್ಕೂ ಕಟ್ಟು ಹಾಕಿತು. ಜನರು ಇದನ್ನು ನಿಶ್ಶಸ್ತ್ರೀಕರಣದ ಕಾಯಿದೆಯೆಂದೇ ಕರೆದರು. ಕಾಗದದ ಮೇಲೆ ಅದು ಅನುಜ್ಞೆಯ ಕಾನೂನು; ಹಳ್ಳಿಗೆ ಬಂದಾಗ, ಇದ್ದ ಹತಾರಗಳನ್ನೆಲ್ಲ ತಂದೊಪ್ಪಿಸಬೇಕೆಂಬ ಆಜ್ಞೆಯಾಯಿತು.

ಅಂದು ಮುಧೋಳ ಸಂಸ್ಥಾನಕ್ಕೆ ಸೇರಿದ್ದು, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಹಲಗಲಿಯ ಬೇಡರು ಬೇಟೆಯನ್ನೂ ಕಾವಲನ್ನೂ ನೆಚ್ಚಿ ಬಾಳಿದವರು. ಅವರಿಗೆ ಹತಾರವು ನೇಗಿಲಿನಂತೆ ಜೀವನೋಪಕರಣ, ಕುಲದ ಮಾನವೂ ಹೌದು. ಜಡಗ, ಬಾಲ, ಹನುಮ, ರಾಮ ಎಂಬುವರ ಮುಂದಾಳುತನದಲ್ಲಿ ಊರು ಹತಾರಗಳನ್ನು ಕೊಡಲೊಪ್ಪದೆ ನಿಂತಿತು. ೧೮೫೭ರ ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮನ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಬಹು ಮಂದಿ ಮಡಿದರು. ಸೆರೆಸಿಕ್ಕ ಮುಂದಾಳುಗಳನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಮರುವರ್ಷ ಮುಂಡರಗಿಯ ಭೀಮರಾಯನು ಎದ್ದಾಗಲೂ, ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದುದೇ ನಿಮಿತ್ತವಾಯಿತು.

ಹಲಗಲಿಯ ಕಥೆಯನ್ನು ಹಾಡುವ ಲಾವಣಿಯನ್ನು ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚುಮಾಡಿಸಿದರು. ತಾನು ಸೇವೆಯಲ್ಲಿದ್ದ ಸರ್ಕಾರವೇ ಸುಟ್ಟ ಊರಿನ ಹಾಡನ್ನು ಉಳಿಸಿಕೊಟ್ಟ ಆ ಅಧಿಕಾರಿಗೆ ಕನ್ನಡಿಗರು ಕೃತಜ್ಞರಾಗಿರಬೇಕು. ಪ್ರೌಢಶಾಲೆಯ ಪಠ್ಯಗಳಲ್ಲಿಯೂ ಸ್ಥಾನ ಪಡೆದ ಈ ಲಾವಣಿಯನ್ನು ಪಾಠ ಹೇಳುವವರು ಸ್ವಾತಂತ್ರ್ಯಸಮರದ ವೀರಗೀತವೆಂದಷ್ಟೆ ಹೇಳಿ ಮುಂದೆ ಸಾಗುವುದುಂಟು. ಅದು ಸಾಲದು. ಆ ಹಾಡಿನ ವಸ್ತುವು ಒಂದು ಕಾನೂನು ಹಳ್ಳಿಗೆ ಬಂದ ಬಗೆ. ಹುಕುಮು ಯಾರದು, ಅದನ್ನು ತಂದವರಾರು, ಕೇಳಿದ್ದೇನು, ಕೊಡದಿದ್ದುದೇಕೆ ಎಂಬ ಪ್ರಶ್ನೆಗಳನ್ನು ಮೊದಲು ವಿದ್ಯಾರ್ಥಿಗಳ ಮುಂದಿಟ್ಟರೆ ಹತಾರವೆಂಬ ಒಂದು ಶಬ್ದದ ಭಾರವು ಅವರಿಗೆ ತಿಳಿದೀತು. ವೀರರಸವು ಆಮೇಲೆ ತಾನಾಗಿ ಬರುತ್ತದೆ.

ಇದೇ ಕಾಯಿದೆಯು ಕನ್ನಡನಾಡಿನ ಇನ್ನೊಂದು ಮೂಲೆಯಲ್ಲಿ ಹೇಗೆ ನಡೆಯಿತೆಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಹಲಗಲಿಯು ಉರಿದು ನಾಲ್ಕು ವರ್ಷಗಳು ತುಂಬುವ ಮೊದಲೇ, ೧೮೬೧ರ ಫೆಬ್ರುವರಿ ೨೬ರಂದು, ಮೈಸೂರು ಮತ್ತು ಕೊಡಗುಗಳ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ಒಂದು ಪ್ರಕಟಣೆಯನ್ನು ಹೊರಡಿಸಿದನು. ಕೊಡಗಿನವರ ಶೌರ್ಯವನ್ನೂ ನಿಷ್ಠೆಯನ್ನೂ, ಅವರು ಇಂಗ್ಲಿಷ್ ಸರ್ಕಾರಕ್ಕೆ ಸಲ್ಲಿಸಿದ ಸೇವೆಯನ್ನೂ ಕೊಂಡಾಡಿ, ನಿಶ್ಶಸ್ತ್ರೀಕರಣದ ಕಾಯಿದೆಯು ಅವರಿಗೆ ಅನ್ವಯಿಸತಕ್ಕದ್ದಲ್ಲವೆಂದು ಅದರಲ್ಲಿ ಸಾರಲಾಯಿತು. ಸೇವೆಯೆಂಬುದರ ಸ್ವರೂಪವೂ ಗೊತ್ತಿರುವುದೇ: ೧೮೩೭ರಲ್ಲಿ ಅಮರಸುಳ್ಯದ ಕಡೆ ಎದ್ದ ದಂಗೆಯನ್ನು ಅಡಗಿಸುವುದರಲ್ಲಿ ನೆರವಾದ ಕೊಡವರಿಗೆ ಸರ್ಕಾರವು ಪದಕಗಳನ್ನಿತ್ತಿತ್ತು.

ಕೊಡವನಿಗೂ ಬೇಡನಿಗೂ ಆಯುಧದೊಡನಿದ್ದ ಸಂಬಂಧದಲ್ಲಿ ತಾರತಮ್ಯವನ್ನು ಹೇಳುವುದು ಕಷ್ಟ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಕೋವಿಯ ಸದ್ದಾಗುತ್ತದೆ. ಮರಣವನ್ನು ನೆರೆಯವರಿಗೆ ತಿಳಿಸುವುದೂ ಕೋವಿಯೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವೇರಿಸಿ ಪೂಜಿಸುತ್ತಾರೆ. ಪುತ್ತರಿಯ ಕದಿರನ್ನು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಹಲಗಲಿಯವರಿಗೂ ಹತಾರವು ಇಷ್ಟೇ ಆಪ್ತವಾಗಿತ್ತೆಂಬುದಕ್ಕೆ ಅವರ ಪ್ರಾಣತ್ಯಾಗವೇ ಪ್ರಮಾಣ. ಭೇದವಿದ್ದುದು ಆಡಳಿತದ ಕಣ್ಣಿನಲ್ಲಿ. ಒಂದೇ ಕಾಯಿದೆ ಒಬ್ಬರಿಗೆ ಬೆಂಕಿಯನ್ನೂ ಮತ್ತೊಬ್ಬರಿಗೆ ಬಿರುದಿನ ಬಿನ್ನವತ್ತಳೆಯನ್ನೂ ತಂದಿತು. ಕೌಟಲ್ಯನ "ಯಾರ ಆಳು?" ಎಂಬ ಪ್ರಶ್ನೆಯ ಸ್ಥಾನದಲ್ಲಿ "ನಮಗೆ ನಿಷ್ಠನೋ?" ಎಂಬ ಪ್ರಶ್ನೆ ಬಂದು ನಿಂತಿತ್ತು, ಅದನ್ನು ವ್ಯಕ್ತಿಗೆ ಹಾಕದೆ ಕುಲಕ್ಕೇ ಹಾಕಿ, ಉತ್ತರವನ್ನೂ ಕೇಳುವವರೇ ಬರೆದುಕೊಂಡರು. ಇದರಿಂದ ಕೊಡವರ ಗೌರವಕ್ಕೆ ಕುಂದೇನೂ ಇಲ್ಲ. ಕಾನೂನಿನ ಗೌರವಕ್ಕೆ ಉಂಟು.

ಲಿಟ್ಟನನು ಗವರ್ನರ್ ಜನರಲ್ ಆಗಿದ್ದಾಗ ೧೮೭೮ರ ೧೧ನೆಯ ಆಕ್ಟು ಈ ಪ್ರಶ್ನೆಯನ್ನು ದೇಶಕ್ಕೆಲ್ಲ ಹಾಕಿತು. ಯೂರೋಪಿಯನರಿಗೆ ವಿನಾಯಿತಿ, ಭಾರತೀಯನಿಗೆ ಲೈಸೆನ್ಸು. ೧೮೮೭ರಲ್ಲಿ ಮದರಾಸಿನ ಕಾಂಗ್ರೆಸ್ ಅಧಿವೇಶನವು ಇದನ್ನು ಸಡಿಲಿಸಬೇಕೆಂದು ಕೇಳಿಕೊಂಡಿತು. ವರ್ಣಭೇದದ ವಿನಾಯಿತಿಯು ತೊಲಗಿದುದು ೧೯೨೦ರ ನಿಯಮಗಳಿಂದ.

ಮೈಸೂರಿನ ಮಹಾರಾಜರು ಇದರ ಹೊರಗಿದ್ದರೆಂದು ಭಾವಿಸಬಾರದು. ೧೮೮೧ರ ಮಾರ್ಚಿಯಲ್ಲಿ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ಬರೆದ ಪತ್ರದಲ್ಲಿ, ಗವರ್ನರ್ ಜನರಲನ ಅಪ್ಪಣೆಯಿಲ್ಲದೆ ಆಯುಧಗಳನ್ನಾಗಲಿ ಮದ್ದುಗುಂಡುಗಳನ್ನಾಗಲಿ ರಾಜ್ಯದೊಳಕ್ಕೆ ತರಿಸಕೂಡದು, ಬೇಡವೆಂದಾಗ ರಾಜ್ಯದಲ್ಲಿ ಅವುಗಳ ತಯಾರಿಕೆಯನ್ನು ನಿಲ್ಲಿಸತಕ್ಕದ್ದು ಎಂಬ ಷರತ್ತುಗಳಿದ್ದುವು. ಮಹಾನವಮಿಯಲ್ಲಿ ಅರಮನೆಯ ಪಟ್ಟದ ಕತ್ತಿಗೆ ಶಾಸ್ತ್ರೋಕ್ತವಾಗಿ ಪೂಜೆ ನಡೆಯುತ್ತಿದ್ದಾಗಲೂ, ಪೂಜಿಸುವ ದೊರೆಯೇ ಅನುಜ್ಞೆಗೆ ಒಳಪಟ್ಟಿದ್ದನು. ದೇವನಹಳ್ಳಿಯ ಕೋಟೆಯಲ್ಲಿ ಹುಟ್ಟಿದವನ ಆಯುಧಾಗಾರವನ್ನು ಕಂಡು ಬೆದರಿದ ನೆನಪು ಎಂಬತ್ತು ವರ್ಷಗಳಾದರೂ ಬ್ರಿಟಿಷರಲ್ಲಿ ಆರಿರಲಿಲ್ಲವೆನ್ನಬೇಕು.

ಸ್ವರಾಜ್ಯವು ಬರುವ ಕಾಲಕ್ಕೆ ಪ್ರಶ್ನೆಯು ಮತ್ತೆ ಎದ್ದಿತು. ನಿಯಮಗಳಿಗೊಳಪಟ್ಟು ಆಯುಧವನ್ನಿಟ್ಟುಕೊಳ್ಳುವ ಹಕ್ಕು ಪ್ರಜೆಗಿರಬೇಕೆಂದು ೧೯೩೧ರ ಕರಾಚಿ ಕಾಂಗ್ರೆಸ್ಸು ನಿರ್ಣಯಿಸಿತ್ತು. ಅದನ್ನಾಧರಿಸಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನಸಭೆಯಲ್ಲಿ ಒಂದು ತಿದ್ದುಪಡಿಯನ್ನು ಮಂಡಿಸಿದರು. ಅಂಥ ಹಕ್ಕನ್ನು ಮೂಲಭೂತವೆಂದು ಬರೆದರೆ ದುಷ್ಕರ್ಮಿಗಳೂ ಅದನ್ನು ಕೇಳಲು ಬರುವರೆಂದು ಅಂಬೇಡ್ಕರರು ಉತ್ತರಿಸಿದರು. ಸಭೆಯು ತಿದ್ದುಪಡಿಯನ್ನು ಒಪ್ಪಲಿಲ್ಲ. ಸಂವಿಧಾನದ ೧೯ನೆಯ ವಿಧಿಯಲ್ಲಿ ಉಳಿದುದು ಶಾಂತವಾಗಿ, ಆಯುಧರಹಿತರಾಗಿ ಸಭೆ ಸೇರುವ ಹಕ್ಕು. ಕೌಟಲ್ಯನ 'ಅಶಸ್ತ್ರ'ವು ಇಲ್ಲಿ ಆಜ್ಞೆಯ ರೂಪವನ್ನು ಬಿಟ್ಟು ಸ್ವಾತಂತ್ರ್ಯದ ಷರತ್ತಾಗಿ ಬಂದಿರುವುದು ಗಮನಾರ್ಹ.

೧೯೫೯ರ ಆಯುಧ ಅಧಿನಿಯಮವು ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದು ೧೮೭೮ರ ಆಕ್ಟನ್ನು ತೆಗೆದುಹಾಕಿತು. ಇದರ ಪ್ರಶ್ನೆಯು ನಿಷ್ಠೆಯದಲ್ಲ: "ನಿನಗೆ ಇದರ ಅಗತ್ಯವೇನು? ನೀನು ಇದಕ್ಕೆ ಯೋಗ್ಯನೋ?" ಎಂಬುದು. ಬೆಳೆಯನ್ನು ಕಾಯುವುದಕ್ಕೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೂ, ರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯುಳ್ಳ, ಒಳಮೈ ನುಣುಪಾದ ಬಂದೂಕವನ್ನೂ ಕೇಳುವ ಪ್ರಜೆಯನ್ನು ಅದು ಪ್ರತ್ಯೇಕವಾಗಿ ಗಮನಿಸುತ್ತದೆ. ಕೇಳುವವನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ನಿರಾಕರಿಸಕೂಡದೆಂದೂ, ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕೆಂದೂ, ಅದರ ಮೇಲೆ ಅಪೀಲು ಹೋಗಬಹುದೆಂದೂ ವಿಧಿಸುತ್ತದೆ. ಆಸ್ತಿಯ ಮಾತನ್ನು ಕಾನೂನಿನಲ್ಲಿಯೇ ಬರೆಯಬೇಕಾಯಿತೆಂದರೆ, ಹಿಂದಿನ ಕಾಲದಲ್ಲಿ ಯಾರ ಮನೆಯ ಗೋಡೆಯ ಮೇಲೆ ಬಂದೂಕ ತೂಗುತ್ತಿತ್ತೆಂಬುದನ್ನು ಊಹಿಸಬಹುದು. ಕತ್ತಿ, ಈಟಿ ಮೊದಲಾದುವಕ್ಕೆ ಸರ್ಕಾರವು ಪ್ರಕಟಿಸಿದ ಪ್ರದೇಶಗಳಲ್ಲಿ ಮಾತ್ರ ಲೈಸೆನ್ಸು ಬೇಕಾದುದರಿಂದ ಆಯುಧಪೂಜೆಯ ಕತ್ತಿಗೆ ಸಾಮಾನ್ಯವಾಗಿ ತೊಡಕಿಲ್ಲ.

ಬೆಂಗಳೂರು ನಗರದಲ್ಲಿ ಈ ಅಧಿಕಾರವು ಪೊಲೀಸು ಕಮಿಷನರರದು. ೧೯೮೬ರಲ್ಲಿ ಬೇರೆಯಾದ ಗ್ರಾಮಾಂತರ ಜಿಲ್ಲೆಯಲ್ಲಿ ಅದು ಜಿಲ್ಲಾ ದಂಡಾಧಿಕಾರಿಯಾದ ಡೆಪ್ಯುಟಿ ಕಮಿಷನರರದು. ಅವರ ಕಚೇರಿಯು ದೇವನಹಳ್ಳಿ ತಾಲೂಕಿನ ಬೀರಸಂದ್ರದಲ್ಲಿದೆ. ನೆಲಮಂಗಲದ ರೈತನೊಬ್ಬನು ಹೊಲದ ಕಾವಲಿಗೆ ಕೋವಿಯನ್ನು ಬಯಸಿದರೆ, ಅವನಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ೨೦೧೬ರ ಆಯುಧ ನಿಯಮಗಳಂತೆ ಅರ್ಜಿಯೊಡನೆ ಗುರುತು, ವಾಸಸ್ಥಳ, ವಯಸ್ಸು ಇವುಗಳ ದಾಖಲೆಗಳನ್ನೂ, ದೇಹಮನಸ್ಸುಗಳ ಆರೋಗ್ಯವನ್ನು ಕುರಿತ ವೈದ್ಯನ ಪತ್ರವನ್ನೂ, ಆಯುಧವನ್ನು ಭದ್ರವಾಗಿಡುವೆನೆಂಬ ಹೇಳಿಕೆಯನ್ನೂ ಕೊಡಬೇಕು; ಬಳಕೆಯ ತರಬೇತಿಯನ್ನೂ ಪಡೆಯಬೇಕು. ಅನಂತರ ಠಾಣೆಯ ಅಧಿಕಾರಿಯ ವರದಿಯನ್ನು ತರಿಸಿಕೊಳ್ಳುತ್ತಾರೆ. ಲೈಸೆನ್ಸು ದೊರೆತವನಿಗೆ ದೇಶಕ್ಕೆಲ್ಲ ಒಂದಾದ ಗುರುತುಸಂಖ್ಯೆಯು ಬರುತ್ತದೆ. ಕೊಂಡ ಕೋವಿಯ ಸಂಖ್ಯೆಯನ್ನು ಲೈಸೆನ್ಸಿನಲ್ಲಿ ನಮೂದಿಸಬೇಕು. ಇಟ್ಟುಕೊಳ್ಳಬಹುದಾದ ಗುಂಡುಗಳಿಗೂ ಮಿತಿಯುಂಟು. ೨೦೧೯ರ ತಿದ್ದುಪಡಿಯಿಂದ ಒಬ್ಬನಲ್ಲಿರಬಹುದಾದ ಬಂದೂಕಗಳು ಮೂರರಿಂದ ಎರಡಕ್ಕೆ ಇಳಿದುವು. ಲೈಸೆನ್ಸಿನ ಅವಧಿಯು ಮೂರು ವರ್ಷಗಳಿಂದ ಐದಕ್ಕೆ ಏರಿತು. ಇಷ್ಟಾದರೂ ಹೊಲಕ್ಕೆ ನುಗ್ಗಿದ ಮೃಗವನ್ನು ಕೊಲ್ಲುವ ಅಪ್ಪಣೆಯು ಈ ಕಾಗದದಲ್ಲಿಲ್ಲ. ಅದು ೧೯೭೨ರ ವನ್ಯಜೀವಿ ಕಾಯಿದೆಯ ವಿಷಯ. ಅದಕ್ಕೆ ಬೇರೆ ಕಚೇರಿ, ಬೇರೆ ಕಾಗದ.

ಚುನಾವಣೆಯು ಘೋಷಿತವಾದಾಗ ಲೈಸೆನ್ಸುದಾರರು ತಮ್ಮ ಬಂದೂಕಗಳನ್ನು ಠಾಣೆಯಲ್ಲಿ ಠೇವಣಿಯಿಟ್ಟು ರಸೀದಿಯನ್ನು ಪಡೆಯುವ ವಾಡಿಕೆಯು ನಡೆದುಬಂದಿದೆ. ಅಂಕವನ್ನು ನೋಡಿ, ಎಣಿಸಿ, ಕೋಣೆಯಲ್ಲಿಟ್ಟು ಬೀಗ ಹಾಕುವ ಆ ಕ್ರಮವನ್ನು ಕಂಡರೆ, ಅರ್ಥಶಾಸ್ತ್ರದ ಆಯುಧಾಗಾರಾಧ್ಯಕ್ಷನಿಗೆ ಪರಕೀಯವೆನಿಸುವುದು ರಸೀದಿಯ ಕಾಗದವೊಂದೇ.

ಕೊಡಗಿನ ವಿನಾಯಿತಿಯು ಇಂದಿಗೂ ಇದೆ. ಕೊಡವ ಕುಲದವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಅದನ್ನು ಕೇಂದ್ರಸರ್ಕಾರವು ೨೦೧೯ರ ಅಕ್ಟೋಬರಿನಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಒಂದು ಕುಲಕ್ಕೂ ಒಂದು ಬಗೆಯ ಹಿಡುವಳಿಗೂ ಹೀಗೆ ವಿನಾಯಿತಿಯನ್ನೀಯುವುದು ಸಮಾನತೆಗೆ ವಿರೋಧವೆಂದು ಹೂಡಿದ ಅರ್ಜಿಯನ್ನು ಕರ್ನಾಟಕದ ಉಚ್ಚನ್ಯಾಯಾಲಯವು ೨೦೨೧ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು; ಸ್ವಾತಂತ್ರ್ಯಪೂರ್ವದಿಂದ ನಡೆದುಬಂದುದೆಂಬುದನ್ನೂ, ಅದು ಶಾಶ್ವತವಲ್ಲದೆ ಗೊತ್ತಾದ ಅವಧಿಯದೆಂಬುದನ್ನೂ ಗಣನೆಗೆ ತಂದುಕೊಂಡಿತು. ಕಬ್ಬನನ ಪ್ರಕಟಣೆಯಲ್ಲಿ ಅವಧಿಯ ಮಾತಿರಲಿಲ್ಲ. ಈಗಿನದು ೨೦೨೯ರ ಅಕ್ಟೋಬರ್ ೩೧ಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಲೈಸೆನ್ಸು ಬೇಡದ ಕೊಡವನೂ, ತನಗೆ ಲೈಸೆನ್ಸು ಬೇಕಿಲ್ಲವೆಂಬುದನ್ನು ತೋರಿಸುವ ವಿನಾಯಿತಿಪತ್ರಕ್ಕಾಗಿ ಮಡಿಕೇರಿಯ ಡೆಪ್ಯುಟಿ ಕಮಿಷನರರ ಕಚೇರಿಗೆ ಅರ್ಜಿಯನ್ನು ಹಾಕಿಕೊಳ್ಳುತ್ತಾನೆ.